ಸಮುದ್ರ ಕಾಣದ ಆರ್ವೆಲ್ಲಾ

ವಯೋಮಿಂಗ್ ಹೆದ್ದಾರಿಯ ಕಾಟನ್‌ವುಡ್ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಕಾಫಿ ಬಗ್ಗಿಸಿದ ಆರ್ವೆಲ್ಲಾ, ಲಾರಿಯವರನ್ನು ಮೊದಲು ಕೇಳುತ್ತಿದ್ದದ್ದು ಊಟದ ವಿಷಯವಲ್ಲ.

"ಮನೆಗೆ ಫೋನ್ ಮಾಡ್ತೀಯೇನಪ್ಪಾ?"

ಹೌದೆಂದರೆ ಕೈ ಒರೆಸುವ ಕಾಗದದ ಮೇಲೆ ಐದು ಅಂಕಿ ಗೀಚಿ ಕೊಡುವಳು. "ಮೊದಲು ಇದನ್ನೊತ್ತು, ಆಮೇಲೆ ಮನೆ ನಂಬರು. ಆಗ ನಿಮ್ಮ ಮನೆಯ ಫೋನ್ ಕಂಪನಿ ಮೂಲಕವೇ ಹೋಗುತ್ತೆ. ಮರೆತೆಯೋ, ಇವತ್ತು ಸೇಬಿನ ಪೈ ಇಲ್ಲ!"

ಗೋಡೆಯ ಫೋನಿನ ಮೇಲೆ ಅವಳು ಅದೇ ಅಂಕಿ ಬರೆದು ಅಂಟಿಸಿದ್ದ ಚೀಟಿಯನ್ನು ಮಾಲೀಕ ಗಾರ್ಲಂಡ್ ಹರಿದು ಹಾಕಿದ್ದ. ಊರು ಹೆಸರು ಗೊತ್ತಿಲ್ಲದ ಯಾವುದೋ ಕಂಪನಿಗೆ ಆ ಫೋನನ್ನು ಒಪ್ಪಿಸಿ ತನ್ನ ಪಾಲು ತಿನ್ನುತ್ತಿದ್ದವನು ಅವನೇ.

"ಕೆಲಸದಿಂದ ತೆಗೀತೀಯಾ? ತೆಗಿ. ನಾಳೆ ಬೆಳಿಗ್ಗೆ ಐದಕ್ಕೆ ಬಂದು ಒಲೆ ನೀನೇ ಹಚ್ಚು" ಅಂದಳು ಆರ್ವೆಲ್ಲಾ. ಗಾರ್ಲಂಡ್ ಅಡುಗೆಮನೆಗೆ ನುಸುಳಿದ. ಎಂಥ ಹೆಂಗಸು ಅವಳು!

ಈ ಹಟ ಹುಟ್ಟಿದ್ದು ಎಂಬತ್ತೊಂಬತ್ತರ ವಸಂತದಲ್ಲಿ, ಡೆಲ್ಮರನಿಂದ. ಮಿಸೌರಿಯ ಜಾಪ್ಲಿನ್ನಿನವನು. ಪ್ರತಿ ಗುರುವಾರ ಮಧ್ಯಾಹ್ನ ಈರುಳ್ಳಿ ಹಾಕಿ ಹುರಿದ ಲಿವರ್ ತಿಂದು, ಹೆಂಡತಿ ನಡೀನಳಿಗೆ ಫೋನ್ ಮಾಡುತ್ತಿದ್ದ. ಆಪರೇಟರ್ ಕೇಳಿದಾಗ ಒಪ್ಪಿ ಎತ್ತಿಕೊಂಡವರ ಬಿಲ್ಲಿಗೇ ಬೀಳುವ ಕರೆ ಅದು. ಆ ದಿನ ಅವಳ ದನಿ ಪಕ್ಕದ ಮೇಜಿಗೂ ಕೇಳಿಸಿತು.

"ಮಿಯಾಮಿಲಿ ಯಾರನ್ನ ಇಟ್ಕೊಂಡಿದೀಯ? ಮೊನ್ನೆ ಬಿಲ್ಲು ಬಂತು. ನಾಲ್ಕು ಗುರುವಾರ, ನಾಲ್ಕೂ ಮಿಯಾಮಿಯಿಂದ! ವಯೋಮಿಂಗಂತೆ ವಯೋಮಿಂಗು. ನಾಳೆ ಮನೆ ಕಡೆ ತಲೆ ಹಾಕ್ಬೇಡ!"

ಪೈ ತಟ್ಟೆ ಹಿಡಿದು ನಿಂತಿದ್ದ ಆರ್ವೆಲ್ಲಾಗೆ ತಂಗಿಯ ಬಿಲ್ಲು ನೆನಪಾಯಿತು. ಇದೇ ಗೋಡೆಯ ಫೋನಿನಿಂದ ತಾನು ಅವಳಿಗೆ ಮಾಡಿದ ಕರೆಯನ್ನು ಅದೂ ಮಿಯಾಮಿಯದೆಂದೇ ತೋರಿಸಿತ್ತು. ಅಕ್ಕತಂಗಿಯರು ಅದನ್ನು ಹೇಳಿಕೊಂಡು ನಕ್ಕಿದ್ದರು. ಈಗ ನಗು ಬರಲಿಲ್ಲ. ತಟ್ಟೆ ಇಟ್ಟು ರಿಸೀವರ್ ಕಿತ್ತುಕೊಂಡಳು.

"ತಾಯೀ, ನಾನು ಇಲ್ಲಿ ಕಾಫಿ ಕೊಡೋಳು, ಆರ್ವೆಲ್ಲಾ."

"ಓಹೋ, ಆ ಮಿಯಾಮಿಯವಳು ನೀನೇನಾ?"

"ನಾನು ಸಮುದ್ರಾನೇ ಕಂಡಿಲ್ಲ ಕಣಮ್ಮಾ. ಅರವತ್ತೊಂದು ವಯಸ್ಸು, ಕಾಲ್ತುಂಬ ಉಬ್ಬಿದ ನರ. ನನ್ನನ್ನ ಇಟ್ಕೊಳ್ಳೋ ಗಂಡಸಿದ್ರೆ ಕಳಿಸು, ನೋಡೋಣ."

ಹೋಟೆಲಿಗೆ ಹೋಟೆಲೇ ನಕ್ಕಿತು. ನಡೀನ್ ನಗಲಿಲ್ಲ. "ಲಾರಿಯವರಿಗೋಸ್ಕರ ಸುಳ್ಳು ಹೇಳೋದು ನಿಮಗೇನು ಹೊಸದಾ?"

ಕೇಳಬೇಕಾದ ಪ್ರಶ್ನೆಯೇ. ಆರ್ವೆಲ್ಲಾ ಮುನಿಸಿಕೊಳ್ಳಲಿಲ್ಲ.

"ನಂಬ್ಬೇಡ, ಪರೀಕ್ಷೆ ಮಾಡು. ನಾನು ಇದೇ ಫೋನಿಂದ ಮತ್ತೆ ಮಾಡ್ತೀನಿ. ಆಪರೇಟರ್ ಬಂದಾಗ ಯಾವ ಊರಲ್ಲಿ ಕೂತಿದೀಯಮ್ಮಾ ಅಂತ ಕೇಳು. ಕರೆ ಬೇಡ ಅಂದ್ಬಿಡು, ಒಂದು ಕಾಸೂ ಖರ್ಚಾಗಲ್ಲ. ಆಮೇಲೆ ಫೋನ್ ಕಂಪನಿಯ ವಿಚಾರಣೆಯವರ ಹತ್ರ ವಯೋಮಿಂಗಿನ ಕಾಟನ್‌ವುಡ್ ಹೋಟೆಲ್ ನಂಬರು ಇಸ್ಕೊಂಡು, ನೀನೇ ಫೋನ್ ಮಾಡು. ನಾನು ಎತ್ತದಿದ್ರೆ ನಿನ್ನ ಗಂಡನ್ನ ಮನೆಗೆ ಸೇರಿಸ್ಬೇಡ."

ಫೋನಿಟ್ಟು, ಡೆಲ್ಮರನಿಂದ ನಂಬರು ಕೇಳಿಕೊಂಡು ಆರ್ವೆಲ್ಲಾ ಹಾಗೇ ಮಾಡಿದಳು. ನಡೀನಳ ಪ್ರಶ್ನೆಗೆ ಆಪರೇಟರ್ ಕೊಟ್ಟ ಉತ್ತರ ಆರ್ವೆಲ್ಲಾಗೂ ಕೇಳಿಸಿತು. "ಮಿಯಾಮಿ, ಮೇಡಂ." ಕರೆ ಬೇಡ ಎಂದಳು ನಡೀನ್. ಆರ್ವೆಲ್ಲಾ ನೋಯುವ ಕಾಲೆಳೆದುಕೊಂಡೇ ಗಲ್ಲಾದ ಪಕ್ಕದ ಹೋಟೆಲ್ ಫೋನಿನತ್ತ ಓಡಿದಳು.

ಫೋನು ಹೊಡೆದುಕೊಳ್ಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಮೊಟ್ಟೆ ತರಿಸಲೆಂದು ಗಾರ್ಲಂಡ್ ರಿಸೀವರಿಗೆ ಕೈ ಹಾಕಿದ, ಅವಳು ಆ ಕೈ ಮೇಲೆ ಪಟ್ಟನೆ ಹೊಡೆದಳು. ಡೆಲ್ಮರ್ ಟೋಪಿ ಹಿಂಡುತ್ತಾ ನಿಂತಿದ್ದ.

ಮೂರನೆಯ ನಿಮಿಷಕ್ಕೆ ಗಂಟೆ ಹೊಡೆಯಿತು.

"ಆರ್ವೆಲ್ಲಾನಾ?"

"ಹೌದಮ್ಮಾ, ನಾನೇ. ಮಿಯಾಮಿಲಿ ಕೂತಿರೋಳು ಆಪರೇಟರು. ಅವಳೆಲ್ಲಿದ್ದಾಳೋ ಆ ಊರನ್ನೇ ಬಿಲ್ಲಿಗೆ ಹಾಕ್ತಾರೆ ಹಾಳಾದೋರು."

ಆ ಕಡೆಯಿಂದ ಮೂಗು ಸೀಟುವ ಸದ್ದು ಬಂತು.

"ಡೆಲ್ಮರ್‌ಗೆ ಕೊಡ್ಲಾ?"

"ಬೇಡ, ಮಾತಾಡಿದ್ರೆ ಅತ್ತುಬಿಡ್ತೀನಿ. ನೀವೇ ಹೇಳಿ. ನಿನ್ನೆ ಬಾಗಿಲಿಗೆ ಹೊಸ ಬೀಗ ಹಾಕಿಸ್ಬಿಟ್ಟೆ. ಅವನ ಹತ್ರ ಇರೋ ಕೀಲಿ ಹಿಡಿಯಲ್ಲ. ಬಂದು ಬಾಗಿಲು ತಟ್ಟೋಕೆ ಹೇಳಿ. ತೆಗೀತೀನಿ."