ಗಡಿಗೆಯ ಕಪ್ಪು ಎಲ್ಲಿತ್ತು

ನನ್ನ ತಂಗಿಯ ಬಗ್ಗೆ ನನಗಿರುವುದು ಒಂದೇ ನೆನಪು. ಅದರಲ್ಲಿ ತಂಗಿ ಕಾಣುವುದಿಲ್ಲ, ಅವಳನ್ನಿಟ್ಟ ಗಡಿಗೆ ಕಾಣುತ್ತದೆ. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತು ಮುಂದೆ ನಡೆಯುತ್ತಿದ್ದಾನೆ. ಜಡಿಮಳೆ. ಅವನ ಕಂಬಳಿಯ ತುದಿ ಹಿಡಿದು ನಾನು ಹಿಂದೆ. ದೇವಸಮುದ್ರದ ಕಡೆಗಿದ್ದ ನಮ್ಮೂರಿನ ಹಳ್ಳ ದಾಟುತ್ತಿದ್ದೇವೆ. ಗಡಿಗೆಯಲ್ಲಿ ಕೆಂಪೂ ಇದೆ, ಕಪ್ಪೂ ಇದೆ. ಅಲ್ಲಿಗೆ ನೆನಪು ಮುಗಿಯುತ್ತದೆ. ಆಗ ನನಗೆ ಐದು ವರ್ಷ, ತಂಗಿಗೆ ಒಂಬತ್ತು ದಿನ.

ನಮ್ಮ ಮನೆತನದಲ್ಲಿ ಹಲ್ಲು ಮೂಡದ ಕೂಸು ತೀರಿಕೊಂಡರೆ ಸುಡುತ್ತಿರಲಿಲ್ಲ, ಗಡಿಗೆಯಲ್ಲಿಟ್ಟು ಹೂಳುತ್ತಿದ್ದರು. ಗಡಿಗೆ ಹೊಸದಾಗಿರಬೇಕು. ನೀರು ಕಂಡಿರಬಾರದು, ಒಲೆ ಕಂಡಿರಬಾರದು. ಬಳಸಿದ ಗಡಿಗೆಯಲ್ಲಿ ಕಳಿಸಿದರೆ ಕೂಸು ಆ ಮನೆಯ ದಾರಿ ಮರೆಯುವುದಿಲ್ಲ, ತಿರುತಿರುಗಿ ಬಾಗಿಲಿಗೆ ಬಂದು ನಿಲ್ಲುತ್ತದೆ, ಇನ್ನೊಂದು ಹೊಟ್ಟೆ ಸೇರುವುದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ನಾನು ಇದನ್ನೆಲ್ಲ ನಂಬುವವನಲ್ಲ. ನನ್ನ ನೆನಪನ್ನೇ ನಂಬುವವನಲ್ಲ. ಅದಕ್ಕೆ ಕಾರಣವಿದೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದೆ. ಬ್ರಹ್ಮಗಿರಿಯ ಬುಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ಎಳೆಗೂಸುಗಳನ್ನು ಗಡಿಗೆಯಲ್ಲಿಟ್ಟು ಹೂಳುತ್ತಿದ್ದರೆಂದು ತರಗತಿಯಲ್ಲಿ ಮೇಷ್ಟ್ರು ಹೇಳಿ, ಅಲ್ಲಿ ಸಿಕ್ಕ ಮಡಕೆಗಳ ಚಿತ್ರ ತೋರಿಸಿದರು. ಕೆಂಪು, ಕಪ್ಪು. ಆ ಗುಡ್ಡ ನಮ್ಮೂರಿಗೆ ಕಾಣುವ ಗುಡ್ಡ. ಇದನ್ನು ನಾನು ಕಂಡಿದ್ದೇನೆ ಎನ್ನಿಸಿತು. ವಾರ ಕಳೆಯುವುದರಲ್ಲಿ ಅನುಮಾನ ಶುರುವಾಯಿತು. ಅಪ್ಪನ ಹೆಗಲ ಮೇಲಿದ್ದ ಗಡಿಗೆಗೆ ಬಣ್ಣ ಮೊದಲೇ ಇತ್ತೋ, ಆ ಚಿತ್ರ ನೋಡಿದ ಮೇಲೆ ನಾನೇ ಬಳಿದೆನೋ?

ಮುಂದೆ ಸಿಕ್ಕ ಕೆಲಸವೂ ಅಂಥದ್ದೇ. ಜೀವವಿಮೆಯ ಕಚೇರಿಯಲ್ಲಿ, ಸತ್ತವರ ಮನೆಗಳಿಗೆ ಹೋಗಿ ಹೇಗೆ ಸತ್ತರೆಂದು ಕೇಳಿ ವರದಿ ಬರೆಯುವುದು. ‘ನೀವು ಕಣ್ಣಾರೆ ನೋಡಿದಿರಾ, ಯಾರಾದರೂ ಹೇಳಿದ್ದಾ?’ ಇದನ್ನು ಎಷ್ಟು ವಿಧವೆಯರನ್ನು ಕೇಳಿದ್ದೇನೋ. ಎಲ್ಲರೂ ಮೊದಲು ಕಣ್ಣಾರೆ ಎನ್ನುತ್ತಾರೆ.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ತೀರಿಕೊಂಡ. ಆ ಹೊತ್ತಿಗೆ ನಾವು ಚಳ್ಳಕೆರೆಗೆ ಬಂದು ಎಷ್ಟೋ ವರ್ಷಗಳಾಗಿದ್ದವು, ಅವ್ವ ನನ್ನ ತಮ್ಮನ ಮನೆಯಲ್ಲಿದ್ದಳು. ಅಪ್ಪನ ವರ್ಷದ ಕಾರ್ಯ ಮುಗಿದ ಮಾರನೇ ದಿನ ಅವ್ವ ಜಗಲಿಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಕೆಲಸದ ಊರಿಗೆ ಹೊರಡಲು ಚೀಲ ಹಿಡಿದು ಬಂದೆ.

“ಒಂದು ಮಾತು ಕೇಳ್ತೀನಿ. ನಿಜ ಹೇಳು.”

“ಕೇಳವ್ವ.”

“ಅವತ್ತು ನಿಮ್ಮಪ್ಪನ ಹಿಂದೆ ನೀನೂ ಹೋಗಿದ್ದಲ್ಲ, ಆ ಗಡಿಗೆ ಹೊಸದಾ, ಹಳೇದಾ?”

ಯಾವತ್ತು, ಯಾವ ಗಡಿಗೆ ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಯಾರೂ ಎತ್ತದಿದ್ದ ಮಾತು ಅದು.

“ಯಾಕವ್ವ ಈಗ?”

“ನಿಮ್ಮಪ್ಪ ಇದ್ದಾಗ ಕೇಳಿದ್ರೆ ಹೇಳಿಬಿಡೋನು. ಹೇಳಿಬಿಟ್ರೆ ಏನು ಮಾಡ್ಲಿ ಅಂತ ಕೇಳ್ಲಿಲ್ಲ.” ಅವ್ವ ಸಿಪ್ಪೆ ಊದಿದಳು. “ಹದಿನೈದು ದಿನ ಮಳೆ ಹಿಡಿದಿತ್ತು. ಕುಂಬಾರಣ್ಣ ಆವಿಗೆ ಹಾಕಿರ್ಲಿಲ್ಲ. ಅವರ ಮನ್ಯಾಗೆ ಇದ್ದದ್ದೆಲ್ಲ ಸುಡದಿರೋ ಹಸಿ ಗಡಿಗೆ. ಹೊಸದು ಎಲ್ಲಿಂದ ತಂದ ಆವಯ್ಯ, ನಿಮ್ಮಪ್ಪ? ನಾನು ಬಾಣಂತಿ, ಒಳಗೆ ಬಿದ್ದಿದ್ದೆ. ನೋಡಿದೋನು ನೀನೊಬ್ಬನೇ.”

“ನೆನಪು ಮಾಡ್ಕಂಡು ಹೇಳ್ತೀನಿ.”

“ಹದಿನೇಳು ವರ್ಸ ಓದ್ಸಿದ್ವಲ್ಲಪ್ಪ ನಿನ್ನ. ಇಷ್ಟು ನೆನಪಿಟ್ಕಳಾಕೆ ಬರಾಕಿಲ್ವ?”

ತಿಂಗಳೊಳಗೆ ಕಚೇರಿಯವರು ನನ್ನನ್ನು ಉತ್ತರದ ಕಡೆ ಒಂದು ತರಬೇತಿಗೆ ಕಳಿಸಿದರು. ವಾಪಸು ಬರುವಾಗ ದೆಹಲಿಯಲ್ಲಿ ಒಂದು ರೈಲು ಇಳಿದು ಇನ್ನೊಂದು ಹತ್ತುವ ನಡುವೆ ಐದು ಗಂಟೆ ಬಿಡುವು. ನಿಲ್ದಾಣದಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗದು. ತರಬೇತಿಯಲ್ಲಿ ಜೊತೆಗಿದ್ದವನೊಬ್ಬ ನಮ್ಮ ದೇಶದ ಮಡಕೆಗಳದ್ದೇ ಒಂದು ಸಂಗ್ರಹಾಲಯವಿದೆ ಎಂದಿದ್ದ. ಅಲ್ಲಿಗೆ ಆಟೋ ಹಿಡಿದೆ. ಬೇರೆ ಯಾವಾಗಲೋ ಆಗಿದ್ದರೆ ಹೋಗುತ್ತಿರಲಿಲ್ಲ.

ಉದ್ದನೆಯ ಮೂರು ಕೋಣೆಗಳ ತುಂಬ ಗಡಿಗೆ, ಮಡಕೆ, ಕುಡಿಕೆ, ಕಾಳು ತುಂಬುವ ವಾಡೆ. ರಾಜ್ಯವಾರು ಜೋಡಿಸಿದ್ದರು. ನೋಡುವವನು ನಾನೊಬ್ಬನೇ. ನನ್ನ ಹಿಂದೆಯೇ ಶಾಲು ಹೊದ್ದ ವಯಸ್ಸಾದ ಕಾವಲುಗಾರ. ಕರ್ನಾಟಕದ ಹಲಗೆಯ ಕೆಳಗೆ ನಾಲ್ಕೇ ಗಡಿಗೆ. ಒಂದರ ಮುಂದಿನ ಚೀಟಿಯಲ್ಲಿ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಹೆಸರಿತ್ತು. ಬೆರಳ ಗೆಣ್ಣಿನಿಂದ ಅದನ್ನು ತಟ್ಟಿದೆ. ಸಂತೆಯಲ್ಲಿ ಅವ್ವ ಹಾಗೆ ತಟ್ಟದೆ ಒಂದು ಗಡಿಗೆಯನ್ನೂ ಕೊಂಡವಳಲ್ಲ.

“ಕೊಳ್ಳೋಕೆ ಬಂದಿದ್ದೀರಾ ಸಾಹೇಬರೆ?” ಎಂದ ಕಾವಲುಗಾರ ಹಿಂದಿಯಲ್ಲಿ. “ಇಲ್ಲಿ ಬರೀ ನೋಡೋದು.”

ಆ ಗಡಿಗೆಯ ಮೈ ಕೆಂಪು, ಬಾಯಿ ಮತ್ತು ಒಳಗು ಕಪ್ಪು. ಇದು ಮಸಿಯಲ್ಲ ಎಂದು ಚೀಟಿ ಹೇಳುತ್ತಿತ್ತು. ಆವಿಗೆಯಲ್ಲಿ ಬಾಯಿ ಕೆಳಗೆ ಮಾಡಿ ಬೂದಿಯಲ್ಲಿ ಹೂತು ಸುಟ್ಟರೆ ಗಾಳಿ ತಾಗದ ಬಾಯಿ ಕಪ್ಪಾಗುತ್ತದೆ, ಉಳಿದ ಮೈ ಕೆಂಪಾಗುತ್ತದೆ. ಇದನ್ನು ನಾನು ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಅವ್ವನ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಅಂದರೆ ಹೊಚ್ಚ ಹೊಸ ಗಡಿಗೆಯೂ ಕೆಂಪು ಕಪ್ಪು ಎರಡೂ ಇರಬಹುದು! ಆ ಕೋಣೆಯಲ್ಲಿ ಎರಡು ಮೂರು ನಿಮಿಷ ನಾನು ಬಹಳ ಹಗುರಾಗಿದ್ದೆ.

ಆಮೇಲೆ ನನ್ನ ಕಸುಬು ಅಡ್ಡ ಬಂತು. ಗಡಿಗೆ ಇದ್ದದ್ದು ನನ್ನ ಎದೆಮಟ್ಟದ ಕಟ್ಟೆಯ ಮೇಲೆ. ನಾನು ಅಲ್ಲೇ ನೆಲಕ್ಕೆ ಕುಕ್ಕರಗಾಲಲ್ಲಿ ಕೂತೆ. ಐದು ವರ್ಷದವನ ಎತ್ತರಕ್ಕೆ ಬರಬೇಕೆಂದು ತಲೆಯನ್ನೂ ತಗ್ಗಿಸಿದೆ.

“ಏನಾದರೂ ಬೀಳಿಸಿಕೊಂಡಿರಾ?”

“ಇಲ್ಲ. ಕೆಳಗಿನಿಂದ ನೋಡ್ತಿದ್ದೀನಿ.”

“ಎಲ್ಲರೂ ಮೇಲಿನಿಂದ ನೋಡ್ತಾರೆ, ಒಳಗೇನಿದೆ ಅಂತ,” ಎಂದ ಅವನು. “ನೀವೇ ಬುಡ ನೋಡಿದವರು.”

ಕೆಳಗಿನಿಂದ ಬಾಯಿ ಕಾಣಲಿಲ್ಲ. ಕುತ್ತಿಗೆಯೂ ಕಾಣಲಿಲ್ಲ. ದುಂಡನೆಯ ಬುಡ ಮಾತ್ರ, ಕೆಂಪಗೆ. ಅಪ್ಪ ಎತ್ತರದ ಆಳು. ಅವನ ಹೆಗಲ ಮೇಲಿನ ಗಡಿಗೆಯಲ್ಲಿ ನಾನು ಕಪ್ಪು ಕಂಡಿದ್ದೇ ನಿಜವಾದರೆ ಅದು ಬುಡದ ಕಪ್ಪು, ಒಲೆಯ ಮಸಿ. ಕಪ್ಪು ಆ ಚಿತ್ರದಿಂದ ಬಂದದ್ದಾದರೆ ನಾನು ಏನನ್ನೂ ಕಂಡಿಲ್ಲ. ಇವೆರಡರಲ್ಲಿ ಯಾವುದನ್ನು ಅವ್ವನಿಗೆ ಒಯ್ದು ಕೊಡಲಿ? ಕಾವಲುಗಾರ ಕೈಹಿಡಿದು ಎಬ್ಬಿಸಿದ. ಮೊಣಕಾಲು ಹಿಡಿದುಕೊಂಡಿತ್ತು.

ಬಳ್ಳಾರಿಯಲ್ಲಿ ಬಸ್ಸು ಹತ್ತಿ, ಕಿಟಕಿಯಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಬಂದು ಹೋಗುವವರೆಗೂ ಹೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದೆ. ಗೊತ್ತಿಲ್ಲ ಅವ್ವ. ನಾನು ಚಿಕ್ಕವನಿದ್ದೆ. ಅದೇ ಪ್ರಾಮಾಣಿಕ ಉತ್ತರ.

ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮನ ಮನೆ ಸೇರಿದೆ. ಸಂಗ್ರಹಾಲಯದ ಸುದ್ದಿ ಕೇಳಿ ಅವ್ವನಿಗೆ ನಗು.

“ಟಿಕೀಟು ತಗಂಡು ಗಡಿಗೆ ನೋಡ್ತಾರಾ ಡೆಲ್ಲಿಯಾಗೆ?”

“ನಮ್ಮ ಹಿತ್ತಲಾಗೆ ಒಂದು ಒಡಕು ಬಿದ್ದೈತೆ ಅತ್ತೆ,” ಎಂದಳು ತಮ್ಮನ ಹೆಂಡತಿ. “ಬಾವನ ಕೈಯಾಗೆ ಕಳಿಸಾಣ. ಅದಾದ್ರೂ ಡೆಲ್ಲಿ ನೋಡ್ಲಿ.”

ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದ ಮೇಲೆ ಅವ್ವ ದನಿ ತಗ್ಗಿಸಿದಳು.

“ನೆನಪಾತಾ?”

“ಹೊಸದವ್ವ,” ಎಂದೆ. “ಕೆಂಪಗಿತ್ತು.”

ಜೋಡಿಸಿಟ್ಟ ಮಾತು ಎಲ್ಲಿ ಹೋಯಿತೋ ತಿಳಿಯದು.

“ನೀನೇ ನೋಡಿದ್ಯಾ?”

“ಕಣ್ಣಾರೆ.”

“ಹಂಗಾರೆ ನಾನು ನೀರು ಕಾಸೋ ಗಡಿಗೆ ಎಲ್ಲಿಗೋತು?”

ಇದು ನನಗೆ ಗೊತ್ತಿರಲಿಲ್ಲ. ಬಚ್ಚಲ ಒಲೆಯ ಮೇಲೆ ಅಗಲ ಬಾಯಿಯ ದೊಡ್ಡ ಗಡಿಗೆ ಇತ್ತಂತೆ. ಬಾಣಂತಿಗೂ ಕೂಸಿಗೂ ಅದರಲ್ಲೇ ನೀರು ಕಾಯುತ್ತಿತ್ತು. ಮಾರನೇ ದಿನ ನೀರು ಹಾಕಲು ಬಂದ ಕೇರಿಯ ಅಜ್ಜಿ, ಗಡಿಗೆ ಇಲ್ಲ ಎಂದು ಪಕ್ಕದ ಮನೆಯಿಂದ ತಾಮ್ರದ ಹಂಡೆ ತಂದಳಂತೆ. “ನಿಮ್ಮಪ್ಪನ್ನ ನಾನು ಕೇಳ್ಲಿಲ್ಲ. ಅವನೂ ಹೇಳ್ಲಿಲ್ಲ.”

ಒಂದು ಸುಳ್ಳು ಹೇಳಿದವನು ಎರಡನೆಯದನ್ನು ಎಷ್ಟು ಸಲೀಸಾಗಿ ಹೇಳುತ್ತಾನೆಂದು ನನ್ನ ಕೆಲಸದಲ್ಲಿ ನೋಡಿದ್ದೆ. “ಅದನ್ನು ನಾನು ಒಡೆದೆ ಅವ್ವ. ಹಳ್ಳದಿಂದ ಬಂದು ಕಾಲು ತೊಳ್ಕಳಾಕೆ ಹೋಗಿ, ಜಾರಿ ಅದರ ಮೇಲೆ ಬಿದ್ದೆ. ಅಪ್ಪ ಚೂರೆಲ್ಲ ಎತ್ತಿ ಹಾಕ್ದ. ಅವ್ವಂಗೆ ಹೇಳಬ್ಯಾಡ, ಮೊದಲೇ ನೊಂದವ್ಳೆ ಅಂದ.”

“ಅಂದ್ನಾ ಹಂಗೆ?”

“ಅಂದ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೆಮ್ಮದಿಯ ಅಳು ಎಂದುಕೊಂಡೆ. ಅಲ್ಲ.

“ಬಿಸಿನೀರು ಕೊಡ್ಲಿಲ್ಲಪ್ಪ ನಾನು,” ಎಂದಳು. “ಅವತ್ತಿಂದ ಒಂದಿನಾನೂ ಆವಯ್ಯಂಗೆ ನೀರು ಕಾಸಿ ಕೊಡ್ಲಿಲ್ಲ. ನನ್ನ ಮಗೀಗೆ ನೀರು ಕಾಸೋ ಗಡಿಗೇಲೇ ಮಗೀನ ಇಟ್ಟು ಬಂದ ಅಂತ ಹೊಟ್ಟೆಯಾಗೆ ಬೆಂಕಿ. ಸುಮ್ಸುಮ್ನೆ ಅಲ್ವ? ಸುಮ್ಸುಮ್ನೆ.”

ಅಪ್ಪ ತಣ್ಣೀರಿನಲ್ಲಿ ಸ್ನಾನ ಮಾಡುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಮಾಗಿಯ ಚಳಿಯಲ್ಲೂ ತಣ್ಣೀರೇ. ನಮ್ಮಪ್ಪ ಗಟ್ಟಿ ಆಳು ಎಂದು ಗೆಳೆಯರ ಮುಂದೆ ಜಂಬ ಕೊಚ್ಚಿದ್ದೆವು. ಕೊನೆಯ ವರ್ಷ ಕೆಮ್ಮು ಹಿಡಿದಾಗಲೂ ಅವನು ಬಿಸಿನೀರು ಕೇಳಲಿಲ್ಲ. ಯಾಕೆ ಕಾಸುತ್ತಿಲ್ಲ ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಕಾರಣ ತಿಳಿಯದ ಗಂಡಸು ಹಾಗೆ ಸುಮ್ಮನಿರುತ್ತಾನೆಯೇ? ನನ್ನ ನೆನಪಿಗಿಂತ, ಬುಡದ ಮಸಿಗಿಂತ ಗಟ್ಟಿ ಸಾಕ್ಷಿ ಅದೇ. ಅವ್ವನ ಸಿಟ್ಟಿಗೆ ಆಧಾರವಿತ್ತು, ಅಪ್ಪ ಅದನ್ನು ಒಪ್ಪಿಕೊಂಡಿದ್ದ. ಹಾಗೆಂದು ಹೇಳಿದರೆ ಅವಳ ಈಗಿನ ಅಳು ನಿಲ್ಲುತ್ತಿತ್ತು, ಹಳೆಯದು ಮತ್ತೆ ಶುರುವಾಗುತ್ತಿತ್ತು. ನಾನು ಹೇಳಲಿಲ್ಲ. ಅವ್ವ ಬದುಕಿರುವವರೆಗೂ ಹೇಳಲಿಲ್ಲ.

ಆ ವರ್ಷದ ಮಾರ್ನಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ನಾನೂ ಚಳ್ಳಕೆರೆಯಲ್ಲಿದ್ದೆ. ಎಲ್ಲರ ಸ್ನಾನ ಮುಗಿದ ಮೇಲೆ ಅವ್ವ ಒಲೆಗೆ ಮತ್ತೆ ಕಟ್ಟಿಗೆ ತುರುಕಿ, ಒಂದು ಬಕೀಟು ನೀರು ಕಾಯಿಸಿ ಬಚ್ಚಲಿನಲ್ಲಿಟ್ಟಳು. ಪಕ್ಕಕ್ಕೆ ಒಂದು ಒಗೆದ ಟವೆಲು.

“ಇನ್ಯಾರದ್ದು ಅತ್ತೆ? ಎಲ್ಲಾರದೂ ಆತಲ್ಲ,” ಎಂದಳು ತಮ್ಮನ ಹೆಂಡತಿ.

“ಇರ್ಲಿ ಬಿಡು.”

ಅವ್ವ ನೀರಿಗೆ ಬೆರಳದ್ದಿ ನೋಡಿದಳು. ಬಿಸಿ ಹೆಚ್ಚಾಯಿತೆನ್ನಿಸಿತೋ ಏನೋ, ಒಂದು ತಂಬಿಗೆ ತಣ್ಣೀರು ಬೆರೆಸಿ ಬಾಗಿಲು ಮುಂದಕ್ಕೆಳೆದುಕೊಂಡು ಬಂದಳು.