ಅತ್ತೆಯ ಕಾಲು, ನನ್ನ ಕತ್ತು

ನನ್ನ ಅತ್ತೆ ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರ ಪಾದ ಸೋಕಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಹಾಗಾಗಿ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ನಮ್ಮ ಮನೆ ಬಾಗಿಲಲ್ಲಿ ಬೆಳಿಗ್ಗೆಯೇ ಯಾರಾದರೂ ಸೊಂಟ ಹಿಡಿದುಕೊಂಡು ನಿಂತಿರುತ್ತಾರೆ. ಅತ್ತೆ ಕಾಲು ತೊಳೆದುಕೊಂಡು ಬರುವ ಗತ್ತು ನೋಡಬೇಕು. ದೊಡ್ಡ ಸರ್ಜನ್‌ಗೂ ಅಷ್ಟು ಗತ್ತಿರಲಿಕ್ಕಿಲ್ಲ.

ಕಳೆದ ವರ್ಷ ನನ್ನ ಕತ್ತಿನ ಎಡಗಡೆ, ದವಡೆಯ ಕೆಳಗೆ, ಮುಟ್ಟಿದರೆ ನೋಯತೊಡಗಿತು. ಉಳುಕು ಎಂದು ತೀರ್ಪು ಕೊಟ್ಟ ಅತ್ತೆ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಕಾಲಿನ ಹೆಬ್ಬೆರಳಿನಿಂದ ಮೂರು ಸಲ ನೀವಿದರು.

"ಓಯ್ತಾ?"

"ಓಯ್ತು ಅತ್ತೆ" ಅಂದೆ. ಶುದ್ಧ ಸುಳ್ಳು. ಮಧ್ಯಾಹ್ನದ ಹೊತ್ತಿಗೆ ಅದೇ ಪಕ್ಕದ ಅರ್ಧ ತಲೆ ಸಿಡಿಯುತ್ತಿತ್ತು, ಬೆಳಕು ಕಂಡರೆ ವಾಕರಿಕೆ. ಆದರೆ ಹೋಯಿತು ಅಂದವಳು ಮಾರನೆಯ ದಿನ ಬೇಡ ಅನ್ನುವುದು ಹೇಗೆ? ಮೂರು ದಿನ ಕತ್ತು ಒಡ್ಡಿದೆ.

ನಾಲ್ಕನೆಯ ದಿನ ಹೆದರಿಕೆಯಾಯಿತು. ರೈಲು ಹತ್ತಿ ಬಂಗಾರಪೇಟೆಯ ಡಾಕ್ಟರ ಹತ್ತಿರ ಹೋದೆ. ಅತ್ತೆಯೂ ಬಂದರು, ತಾವು ಮಾಡಿದ ಚಿಕಿತ್ಸೆಯನ್ನು ವಿವರಿಸಲಿಕ್ಕೆ! ಡಾಕ್ಟರಮ್ಮ ಕತ್ತಿನ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದ್ದೇ ನಾನು ಕಿರುಚಿಕೊಂಡೆ.

"ಇದು ಉಳುಕಲ್ಲ, ತಲೆಗೆ ರಕ್ತ ಒಯ್ಯೋ ನಾಳ. ಮೈಗ್ರೇನ್ ಇರೋ ಕೆಲವರಿಗೆ ಇಲ್ಲಿ ನೋಯೋದುಂಟು, ಯಾಕಂತ ಪೂರ್ತಿ ಗೊತ್ತಿಲ್ಲ. ಬೇರೇನೂ ಇಲ್ಲ ಅಂತ ಸ್ಕ್ಯಾನ್ ಮಾಡಿ ನೋಡೋಣ. ಇದನ್ನ ಮಾತ್ರ ಯಾರೂ ಒತ್ತಬಾರದು."

ಅತ್ತೆ ಎರಡೂ ಕಾಲನ್ನು ಸದ್ದಿಲ್ಲದೆ ಕುರ್ಚಿಯ ಕೆಳಗೆ ಎಳೆದುಕೊಂಡರು.

ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಮೈಗ್ರೇನ್‌ಗೆ ಮಾತ್ರೆ ಕೊಟ್ಟು ಕಳಿಸಿದರು. ವಾಪಸು ಬರುವಾಗ ರೈಲಿನಲ್ಲಿ ಅತ್ತೆ ಕೇಳಿದರು, "ನನ್ ಕಾಲಿಂದ್ಲೇ ನೋವು ಎಚ್ಚಾಯ್ತೇನಮ್ಮ?"

ನನಗೆ ತಮಾಷೆ ಮಾಡಲು ಮನಸ್ಸು ಬರಲಿಲ್ಲ. "ಓಯ್ತು ಅಂತ ಸುಳ್ಳು ಏಳಿದ್ದು ನಾನು, ಅತ್ತೆ."

ಅವರು ತಮ್ಮ ಪಾದ ನೋಡಿಕೊಂಡರು. "ಅಂಗಾದ್ರೆ ಇಷ್ಟು ವರ್ಸ ಓಯ್ತು ಓಯ್ತು ಅಂದೋರೆಲ್ಲಾ?"

 

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಆಟೋದವನು ಸೊಂಟ ಹಿಡಿದುಕೊಂಡು ಬಂದ. ಇಂಥ ಉಳುಕಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಬರುವವನು. ಅತ್ತೆ ಕಾಲು ತೊಳೆದುಕೊಂಡು ಬಂದರು, ನೀವಿದರು.

"ಓಯ್ತಾ?"

"ಓಯ್ತಕ್ಕಾ."

ಅತ್ತೆ ಕಾಲು ತೆಗೆಯಲಿಲ್ಲ. "ನಿಜ ಏಳೋ" ಅಂದರು.

ಚಾಪೆಯ ಮೇಲಿಂದಲೇ ಅವನು ಮೆಲ್ಲಗೆ ಕತ್ತು ತಿರುಗಿಸಿ, ಏನನ್ನಲಿ ಎಂಬಂತೆ ನನ್ನ ಮುಖ ನೋಡಿದ.