ನರ್ಸಮ್ಮನ ಪುಂಡಿಪಲ್ಯ

ಪುಂಡಿಸೊಪ್ಪು ಬೇಯುವ ಹುಳಿ ವಾಸನೆಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ.

ಕಳೆದ ಎಳ್ಳು ಅಮಾವಾಸ್ಯೆಗೂ, ನಮ್ಮ ಬಾಯಲ್ಲಿ ಎಳ್ಳಮಾಸಿ, ಹಾಗೇ ಆಯಿತು. ನಾನಿರುವುದು ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ. ಇಲ್ಲಿನ ಕನ್ನಡದ ಮನೆಗಳನ್ನೆಲ್ಲ ಕರೆದು, ಒಂದು ಹಾಲ್ ಹಿಡಿದು, ಪ್ರತಿ ಮನೆಯವರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಏರ್ಪಾಟು ನನ್ನದೇ. ಆ ದಿನ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಇಲ್ಲಿ ನಮಗೆ ಹೊಲವಿಲ್ಲ, ಪೈರಿಲ್ಲ. ಕೂಡಿ ಉಣ್ಣುವುದಾದರೂ ಉಳಿಯಲಿ ಎಂಬ ಆಸೆ. ಆಂಧ್ರದವರ ಅಂಗಡಿಯ ಫ್ರೀಜರಿನಿಂದ ತಂದ ಪುಂಡಿಗೆ ಒಗ್ಗರಣೆ ಹಾಕುತ್ತಿದ್ದಾಗ ನಾನು ಬೆಳೆದ ಮಸ್ಕಿಯ ಆ ಅಂಗಳ, ಆ ನರ್ಸಮ್ಮ ನೆನಪಾದರು.

ಮಸ್ಕಿಯಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪನಿಗೆ ಬೀಜ-ಗೊಬ್ಬರದ ಅಂಗಡಿಯಿತ್ತು. ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಸಾಲುಮನೆಗಳು, ಎದುರಿಗೆ ಮಾಲಕರ ದೊಡ್ಡ ಮನೆ. ಮಾಲಕರ ಹೆಂಡತಿಗೆ ಎಲ್ಲರೂ ಗೌಡ್ತಿ ಅನ್ನುತ್ತಿದ್ದೆವು. ನಾನು ಹೈಸ್ಕೂಲು ಸೇರಿದ ವರ್ಷ ಸಾಲಿನ ಕೊನೆಯ ಮನೆಗೆ ನರ್ಸಮ್ಮ ಬಂದರು. ಸರ್ಕಾರಿ ದವಾಖಾನೆಯ ನೌಕರಿ, ಒಬ್ಬರೇ ಇರುತ್ತಿದ್ದರು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅವರು ದಲಿತರೆಂದು ಅಂಗಳಕ್ಕೆಲ್ಲ ಗೊತ್ತಿತ್ತು. ಯಾರೂ ಎದುರಿಗೆ ಆಡುತ್ತಿರಲಿಲ್ಲ, ಅಷ್ಟೇ. ಜ್ವರ ಬಂದರೆ, ಕೂಸಿಗೆ ಹೊಟ್ಟೆನೋವಾದರೆ ಮೊದಲು ಬಡಿಯುವ ಬಾಗಿಲು ಅವರದೇ. ನನ್ನನ್ನು ಎದುರಿಗೆ ಕೂರಿಸಿಕೊಂಡು ನಾಡಿ ಹಿಡಿಯುವುದನ್ನು ಕಲಿಸಿದ್ದರು. "ಹಿಂಗಲ್ಲಬೇ, ಹೆಬ್ಬಟ್ಟಿಲೆ ಹಿಡದ್ರ ನಿನ್ನ ನಾಡಿನ ನಿನಗ ಕೇಳತೈತಿ" ಎಂದು ನಗುತ್ತಿದ್ದರು. ನರ್ಸ್ ಆಗಬೇಕೆಂಬ ಹುಚ್ಚು ನನಗೆ ಹತ್ತಿದ್ದು ಅಲ್ಲಿಯೇ.

ಆ ವರ್ಷ ಗೌಡ್ತಿಯ ಸೊಸೆಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಲಿಂಗಸುಗೂರಿನ ದೊಡ್ಡಾಸ್ಪತ್ರೆಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ದೊಡ್ಡ ಮನೆಯ ಒಳಕೋಣೆಯಲ್ಲಿ ನರ್ಸಮ್ಮನೇ ಹೆರಿಗೆ ಮಾಡಿಸಿದರು. ಹುಟ್ಟಿದ ಗಂಡುಕೂಸು ಅಳಲಿಲ್ಲ, ನೀಲಿಗಟ್ಟಿತ್ತು. ನರ್ಸಮ್ಮ ತಮ್ಮ ಬಾಯನ್ನು ಅದರ ಬಾಯಿ-ಮೂಗಿನ ಮೇಲಿಟ್ಟು ಮೆಲ್ಲಗೆ ಉಸಿರೂದಿದರು. ಕೂಸು ಅತ್ತಾಗ ಗೌಡ್ತಿ ಅವರ ಎರಡೂ ಕೈ ಹಿಡಿದು, "ದೇವರಾಗಿ ಬಂದಿರವಾ" ಎಂದು ಕಣ್ಣೀರಿಟ್ಟದ್ದನ್ನು ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ.

ಅದಾಗಿ ಸ್ವಲ್ಪ ದಿನಕ್ಕೆ ಎಳ್ಳಮಾಸಿ ಬಂತು. ಬಾಡಿಗೆಯವರೆಲ್ಲ ಒಂದೊಂದು ಅಡುಗೆ ಕಟ್ಟಿಕೊಂಡು ಮಾಲಕರ ಟ್ರ್ಯಾಕ್ಟರಿನಲ್ಲಿ ಅವರ ಹೊಲಕ್ಕೆ ಹೋಗುವುದು ವಾಡಿಕೆ. ಆ ಸಲ ಗೌಡ್ತಿ ಬಾಯಿತುಂಬ ಕರೆದರು: "ನರ್ಸಮ್ಮರ, ನೀವೂ ಬರ್ಬೇಕ್ರಿ."

ಕರೆದದ್ದನ್ನು ಅವರು ನಂಬಿದರು. ಹೊಸ ಸೀರೆ ಉಟ್ಟು, ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಪುಂಡಿಪಲ್ಯ ಮಾಡಿಕೊಂಡು ಬಂದರು. ಹೊಲದಲ್ಲಿ ಜಮಖಾನೆ ಹಾಸಿ ಎಲ್ಲರ ಬುತ್ತಿಗಳನ್ನು ಸಾಲಾಗಿ ಬಿಚ್ಚಿಟ್ಟರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎಳ್ಳು ಹೋಳಿಗೆ, ಕಾಳುಪಲ್ಯ. ನರ್ಸಮ್ಮನ ಡಬ್ಬಿಯನ್ನು ಮಾತ್ರ ಗೌಡ್ತಿ ನಗುನಗುತ್ತಲೇ ಇಸಿದುಕೊಂಡು ಬೇವಿನಮರದ ಆಚೆ ಇಟ್ಟರು. ಊಟ ಶುರುವಾಯಿತು. "ನನಗ ಪುಂಡಿಪಲ್ಯ ಬೇಕು" ಎಂದೆ ನಾನು. ಪಕ್ಕದಲ್ಲಿ ಕೂತಿದ್ದ ಅವ್ವ ಯಾರಿಗೂ ಕಾಣದಂತೆ ನನ್ನ ತೊಡೆ ಚಿವುಟಿದಳು. ಕಂದುಗಟ್ಟುವಂತೆ ಚಿವುಟಿದಳು.

ಊಟ ಮುಗಿಯುವ ಹೊತ್ತಿಗೆ ಹೊಲದ ಆಳು ಆ ಡಬ್ಬಿಯನ್ನು ಒಯ್ದು ಅಲ್ಲೇ ಕಟ್ಟಿದ್ದ ಎತ್ತುಗಳ ಮುಂದೆ ಸುರುವಿದ. ನಾನು ನೋಡಿದೆ. ಕೈ ತೊಳೆಯಲು ಎದ್ದಿದ್ದ ನರ್ಸಮ್ಮನೂ ನೋಡಿದರು. ಹೊರಡುವಾಗ ಗೌಡ್ತಿ ತೊಳೆದ ಡಬ್ಬಿಯನ್ನು ಅವರ ಕೈಗಿಟ್ಟು, "ಪಲ್ಯ ಭಾಳ ಚೊಲೋ ಆಗಿತ್ತವಾ, ಒಂದೀಟೂ ಉಳೀಲಿಲ್ಲ" ಎಂದರು.

"ಹೌದೇನ್ರಿ? ಎತ್ತು ಹೇಳಿದವೇನು, ಚೊಲೋ ಆಗೇತಂತ?"

ನರ್ಸಮ್ಮ ಹೀಗೆ ಕೇಳಿದ್ದೇ ತಡ, ಅವ್ವ ನಮ್ಮ ಬುತ್ತಿ ಕಟ್ಟತೊಡಗಿದಳು. ಗೌಡ್ತಿ ತೊದಲಿದರು: "ಹಂಗಲ್ಲವಾ... ಹಿರ್ಯಾರು ಅದಾರ, ದೇವರ ಚರಗ ಐತಿ... ಸಿಟ್ಟಾಗಬ್ಯಾಡ್ರಿ."

"ಸಿಟ್ಟು ಬಂದೈತ್ರಿ. ಯಾಕ ಬರಬಾರ್ದು? ನಿಮ್ಮ ಮೊಮ್ಮಗಗ ನನ್ನ ಬಾಯಿ ಉಸುರು ನಡದೈತಿ. ನಿಮಗ ನನ್ನ ಕೈ ಪಲ್ಯ ನಡೀಲಿಲ್ಲ."

ಅಷ್ಟು ಹೇಳಿ ಟ್ರ್ಯಾಕ್ಟರ್ ಹತ್ತದೆ ಕಾಲುವೆಯ ದಾರಿ ಹಿಡಿದು ನಡೆದೇಬಿಟ್ಟರು. ನಾನು ಹಿಂದೆ ಓಡಲು ಹೊರಟರೆ ಅವ್ವ ರಟ್ಟೆ ಹಿಡಿದೆಳೆದಳು.

ವಾರ ಕಳೆಯುವುದರೊಳಗೆ ಗೌಡ್ತಿ ನರ್ಸಮ್ಮನಿಂದ ಮನೆ ಬಿಡಿಸಿದರು. ಸುಣ್ಣ-ಬಣ್ಣ ಮಾಡಿಸಬೇಕಂತೆ. ನರ್ಸಮ್ಮ ವರ್ಗ ಮಾಡಿಸಿಕೊಂಡು ಸಿಂಧನೂರಿಗೆ ಹೋದರು. ಸಾಮಾನು ಹೇರುವಾಗ ಸಾಲುಮನೆಗಳ ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಅವರಿಂದ ಸೂಜಿ ಚುಚ್ಚಿಸಿಕೊಂಡವರ ಬಾಗಿಲುಗಳು... ಆ ಮನೆಗೆ ಸುಣ್ಣ ಬಳಿದದ್ದನ್ನು ನಾನಂತೂ ನೋಡಲಿಲ್ಲ.

ನರ್ಸಿಂಗ್ ಮುಗಿಸಿ ಇಲ್ಲಿಗೆ ಹೊರಡುವ ಮುನ್ನ ಸಿಂಧನೂರಿಗೆ ಹೋಗಿ ಅವರನ್ನು ಕಂಡೆ. ನಿವೃತ್ತರಾಗಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು. ಅವರ ಅಡುಗೆಮನೆಯಲ್ಲೇ ಕೂತು ಹೊಟ್ಟೆ ಬಿರಿಯುವಂತೆ ಉಂಡೆ. ಹೊಲದ ಆ ದಿನ ಮರೆತುಹೋಗಿರಬಹುದು ಅಂದುಕೊಂಡು, ಮರೆತಿರಾ ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದರು.

"ಯಾಕ ಮರೀಲಿ? ಮರತ್ರ ಅವರಿಗೆ ಆರಾಮ ಆಕ್ಕೈತಿ. ನನಗೇನು ಬರತೈತಿ?"

ಕ್ಷಮಿಸುವುದು ದೊಡ್ಡ ಗುಣವೆಂದು ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟವರೆಲ್ಲ ಎತ್ತಿನ ಮುಂದೆ ಪಲ್ಯ ಸುರುವಿದವರ ಪೈಕಿಯವರೇ ಎಂದು ನನಗೆ ಆಗ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಹೋದ ವರ್ಷ, ಎಳ್ಳಮಾಸಿಗೆ ಮೊದಲೇ, ಅವರು ತೀರಿಕೊಂಡ ಸುದ್ದಿಯನ್ನು ಅವ್ವನೇ ಫೋನಿನಲ್ಲಿ ಹೇಳಿದಳು. "ಪಾಪ, ಭಾಳ ಚೊಲೋ ಹೆಣಮಗಳು" ಎಂದಳು. ನಾನು ಫೋನ್ ಕಟ್ ಮಾಡಿದೆ.

ಹಾಲ್‌ನಲ್ಲಿ ಕಳೆದ ಎಳ್ಳಮಾಸಿಯಂದು ಎಲ್ಲ ಡಬ್ಬಿಗಳೂ ಮೇಜಿನ ಮೇಲೆ ಬಂದವು. ರಾಯಚೂರು ಕಡೆಯಿಂದ ಹೊಸದಾಗಿ ಬಂದ ಗಂಡ-ಹೆಂಡತಿ ಬದನೆಕಾಯಿ ಪಲ್ಯ ತಂದಿದ್ದರು. ವರ್ಷಗಳಿಂದ ನನ್ನ ಊಟಕ್ಕೆ ಬರುತ್ತಿದ್ದ ಒಬ್ಬ ಹೆಂಗಸು ನನ್ನನ್ನು ಮೂಲೆಗೆ ಕರೆದು, ಬಲು ನಯವಾಗಿ ಕೇಳಿದಳು: "ಅವರು ಯಾವ ಜನ, ಗೊತ್ತಾ ನಿಮಗೆ? ತಪ್ಪು ತಿಳೀಬೇಡಿ, ನಮ್ಮತ್ತೆ ಬಂದಿದ್ದಾರೆ, ಅದಕ್ಕೆ..."

ಮೂಲೆಯಲ್ಲಿ ಕೇಳಿದ್ದಕ್ಕೆ ಮೂಲೆಯಲ್ಲಿ ಉತ್ತರ ಕೊಡಲಿಲ್ಲ. ಹಾಲ್ ನಡುವಿಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ಇಲ್ಲಿ ಎಲ್ಲಾ ಡಬ್ಬಿ ಎಲ್ಲಾರೂ ಉಣ್ಣೋದು. ಯಾರ ಜಾತಿ ಯಾವುದಂತ ಕೇಳೋರು ತಮ್ಮ ಡಬ್ಬಿ ತಗೊಂಡು ಈಗ ಹೋಗಬಹುದು."

ಆಕೆ ಹೋದಳು. ಇನ್ನೂ ಎರಡು ಮನೆಯವರು ತಮ್ಮ ಡಬ್ಬಿ ಎತ್ತಿಕೊಂಡು ಅವಳ ಹಿಂದೆ ಹೋದರು. "ಹಬ್ಬದ ದಿನ ಇದೆಲ್ಲಾ ಬೇಕಿತ್ತಾ" ಎಂದು ಒಬ್ಬರು ಗೊಣಗಿದರು. ಹಬ್ಬದ ದಿನವೇ ಬೇಕಿತ್ತು. ಬದನೆಕಾಯಿ ತಂದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕ ಕೂತು ಅವಳ ಪಲ್ಯವನ್ನೇ ಮೊದಲು ಬಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ: "ಅವತ್ತು ಹೊಲದಾಗ ನೀ ಯಾಕ ಸುಮ್ಮ ಕುಂತಿ, ಅವ್ವಾ?"

"ನಾವು ಬಾಡಿಗಿ ಇದ್ದೋರು... ಏನ್ ಮಾತಾಡಬೇಕಿತ್ತು? ಈಗ ಯಾಕ ಅದೆಲ್ಲಾ ತೆಗೀತಿ? ಆಕೀನೂ ಇಲ್ಲ ಈಗ."

"ಇಲ್ಲಲ್ಲಾ, ಅದಕ್ಕ ಕೇಳಾಕತ್ತೀನಿ. ಇದ್ದಿದ್ರ ನಿನ್ನ ಕರ್ಕೊಂಡು ಆಕಿ ಮನೀಗೇ ಹೋಗ್ತಿದ್ದೆ."

ಅವ್ವ ಫೋನ್ ಇಡಲಿಲ್ಲ. ಈ ಸಲ ನಾನೂ ಕಟ್ ಮಾಡದೆ ಅವಳ ಉತ್ತರಕ್ಕೆ ಕಾದೆ.